ಉಸಿರುಪೆಟ್ಟಿಗೆ

ಅಕ್ಕ ತೀರಿಕೊಂಡು ಹನ್ನೆರಡು ದಿನಗಳಾಗಿದ್ದವು. ಆದರೂ ವಾರಕ್ಕೆ ಐದು ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ ಸರಿಯಾಗಿ, ಅವಳು ನಡುಮನೆಯಲ್ಲಿ ಮಾತನಾಡುತ್ತಿದ್ದಳು.

ಕೊರಿಯಾದ ಧಾರಾವಾಹಿಯೊಂದರಲ್ಲಿ, ಗಂಡನನ್ನು ಸಮುದ್ರದಲ್ಲಿ ಕಳೆದುಕೊಂಡು ಬಟ್ಟೆ ಒಗೆಯುವ ಅಂಗಡಿ ನಡೆಸಿ ಮೂವರು ಮಕ್ಕಳನ್ನು ಸಾಕುವ ಹೆಂಗಸಿಗೆ ಅಕ್ಕ ದನಿ ಕೊಡುತ್ತಿದ್ದಳು. ಒಟ್ಟು ಎಂಬತ್ತು ಕಂತುಗಳು. ಎಪ್ಪತ್ತೊಂದು ಮುಗಿಸಿದ್ದಳು, ಆಮೇಲೆ ಮೂರು ದಿನದ ಜ್ವರ, ಅಷ್ಟೇ. ಪ್ರಸಾರ ಇನ್ನೂ ಅರವತ್ತರ ಆಸುಪಾಸಿನಲ್ಲಿತ್ತು. ಹೀಗಾಗಿ ಮನೆಯಲ್ಲಿ ಅವಳ ಬಟ್ಟೆಗಳನ್ನು ಮಡಿಸಿ ಎತ್ತಿಟ್ಟ ಮೇಲೂ ಅವಳ ದನಿ ಮಾತ್ರ ಹೊರಡಲು ಇನ್ನೂ ಹೊತ್ತಾಗಿಲ್ಲವೆಂಬಂತೆ ಅಲ್ಲೇ ಕುಳಿತಿತ್ತು.

ಅಮ್ಮ ಊಟ ಮಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಬೆಳಿಗ್ಗೆ ಕೇಳಿದರೆ ಹಸಿವಿಲ್ಲ, ರಾತ್ರಿ ಕೇಳಿದರೆ ಹೊಟ್ಟೆ ಭಾರ. ನಾಲ್ಕಕ್ಕೆ ಮಾತ್ರ ತಟ್ಟೆ ಹಿಡಿದು, ಸ್ಟೂಲನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು, ದನಿಯನ್ನು ಪಿಸುಮಾತಿನಷ್ಟು ತಗ್ಗಿಸಿ, ತಲೆ ಓರೆ ಮಾಡಿ ಕೇಳುತ್ತ ನಾಲ್ಕು ತುತ್ತು ನುಂಗುತ್ತಿದ್ದಳು. ಅಷ್ಟು ಸಣ್ಣ ದನಿ ಯಾಕಮ್ಮ ಎಂದು ತಂಗಿ ಒಮ್ಮೆ ಕೇಳಿದ್ದಕ್ಕೆ, "ಮೇಲಿನ ಮನೆಯವರಿಗೂ ಅವಳನ್ನ ಹಂಚಬೇಕಾ?" ಅಂದಿದ್ದಳು.

ತಂಗಿಗೆ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವ ಕೆಲಸ. ಗಾಜಿನ ಗೂಡಿನಲ್ಲಿ ಕುಳಿತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ದಿನವಿಡೀ ಹೇಳುವವಳು. ಬಸ್ಸು ಬಂದರೂ ಬಾರದಿದ್ದರೂ ದನಿ ಏರಬಾರದು, ಇಳಿಯಬಾರದು. ಅದು ಆ ಕೆಲಸದ ಮೊದಲ ಪಾಠ. ಅಕ್ಕನನ್ನು ಕಳಿಸಿಕೊಟ್ಟು ಬಂದ ಮೂರನೆಯ ದಿನವೇ ಅವಳು ಗೂಡಿಗೆ ಹಿಂತಿರುಗಿದ್ದಳು. ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಬಂಧುಗಳು ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳಿದರು; ಅವಳಿಗೆ ಅದು ಬೈಗುಳದಂತೆ ಕೇಳಿಸಿತು.

ಹನ್ನೆರಡನೆಯ ದಿನ ಸ್ಟುಡಿಯೋದಿಂದ ಮೇಡಂ ಫೋನ್ ಮಾಡಿದರು. ಡಬ್ಬಿಂಗಿನ ಉಸ್ತುವಾರಿಯೆಲ್ಲ ಅವರದೇ.

"ನಿಮ್ಮಿಬ್ಬರ ಗಂಟಲೂ ಒಂದೇ ಅಚ್ಚು ಕಣಮ್ಮ. ಫೋನಲ್ಲಿ ನಾನೇ ಎಷ್ಟು ಸಲ ಮೋಸ ಹೋಗಿದ್ದೀನಿ. ಒಂಬತ್ತು ಕಂತು, ಅಷ್ಟೇ. ಬೇರೆಯವರನ್ನ ಹಾಕಿದ್ರೆ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ."

ನೋಡುವ ಲಕ್ಷಾಂತರ ಜನರ ಚಿಂತೆ ತಂಗಿಗಿರಲಿಲ್ಲ. ಇನ್ನೆರಡು ವಾರಕ್ಕೆ ಅಕ್ಕನ ದನಿ ತೀರಿಹೋಗುತ್ತದೆ, ಆಗ ಅಮ್ಮನ ನಾಲ್ಕು ತುತ್ತೂ ನಿಲ್ಲುತ್ತದೆ ಎಂಬುದೊಂದೇ ಅವಳ ಕಣ್ಣೆದುರಿಗೆ ಬಂದು ನಿಂತಿತು. ಅಮ್ಮನಿಗೆ ಹೇಳದೆ ಒಪ್ಪಿಕೊಂಡಳು.

ಸ್ಟುಡಿಯೋ ಎಂದರೆ ಕಿಟಕಿಯಿಲ್ಲದ ಕೋಣೆ, ಗೋಡೆಗಳಿಗೆ ಬೂದು ಸ್ಪಂಜು, ನಡುವೆ ಒಂದು ಮೈಕು. ಗಾಜಿನ ಆಚೆಗೆ ಶಬ್ದ ಜೋಡಿಸುವವನು. ಸೊಳ್ಳೆ ಹಾರಿದ ಸದ್ದನ್ನೂ ಹಿಡಿಯುತ್ತಾನೆಂದು ಎಲ್ಲರೂ ಅವನನ್ನು ಕಿವಿ ಎಂದೇ ಕರೆಯುತ್ತಿದ್ದರು. ಮೊದಲ ದೃಶ್ಯ ಮುಗಿಯುತ್ತಲೇ ಅವನು ಹೆಡ್‌ಫೋನ್ ತೆಗೆದಿಟ್ಟ.

"ತಾಯಿ, ಗಂಡ ದೋಣಿ ಸಮೇತ ಮುಳುಗಿಹೋದ ಅಂತ ಹೇಳ್ತಿದ್ದೀರಿ. ಕೇಳಿದ್ರೆ ಇನ್ನೇನು ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬಂದು ನಿಲ್ತಾನೆ ಅನ್ನೋ ಹಾಗಿದೆ."

"ಅಕ್ಕನ ಹಾಗೇ ಹೇಳೋಕೆ ನೋಡ್ತಿದ್ದೀನಿ."

"ಅದೇ ತಪ್ಪು. ನಿಮ್ಮಕ್ಕ ಇಲ್ಲಿ ಒಂದು ದಿನಾನೂ ತನ್ನ ಹಾಗೆ ಮಾತಾಡಿದವಳಲ್ಲ. ಯಾರನ್ನೋ ನೆನೆಸ್ಕೊಂಡು ಮಾಡ್ತಿದ್ದಳು. ಯಾರು ಅಂದ್ರೆ ನಗೋಳು."

ಅಕ್ಕ ಬಿಟ್ಟುಹೋದ ಹಾಳೆಗಳನ್ನು ಅವನು ತಂದುಕೊಟ್ಟ. ಅಚ್ಚಾದ ಸಂಭಾಷಣೆಯ ಮೇಲೆ ಪೆನ್ಸಿಲಿನ ತಿದ್ದುಪಡಿ ಹರಡಿಕೊಂಡಿತ್ತು. ಮಕ್ಕಳು ಅತ್ತಾಗಲೆಲ್ಲ ಆ ವಿಧವೆ ಹೇಳಬೇಕಾಗಿದ್ದ "ಧೈರ್ಯವಾಗಿರು" ಎಂಬ ಮಾತನ್ನು ಅಕ್ಕ ಪ್ರತಿ ಕಂತಿನಲ್ಲೂ ಹೊಡೆದುಹಾಕಿ, ಅದರ ಮೇಲೆ "ಏಳು, ಮುಖ ತೊಳ್ಕೋ" ಎಂದು ಬರೆದಿದ್ದಳು.

ತಂಗಿ ಬಹಳ ಹೊತ್ತು ಆ ಪೆನ್ಸಿಲ್ ಗೆರೆಗಳನ್ನೇ ನೋಡಿದಳು. ಪರೀಕ್ಷೆಯಲ್ಲಿ ಫೇಲಾದಾಗ, ಮದುವೆ ಮುರಿದುಬಿದ್ದಾಗ, ಅಪ್ಪ ಹೋದ ದಿನ, ಅಮ್ಮ ಇಬ್ಬರಿಗೂ ಹೇಳಿದ್ದು ಅದೊಂದೇ ಮಾತು. ಸಮಾಧಾನವೂ ಅದೇ, ಬೈಗುಳವೂ ಅದೇ. ಎಪ್ಪತ್ತೊಂದು ಕಂತುಗಳ ಉದ್ದಕ್ಕೂ ಅಕ್ಕ ಆಡಿದ್ದು ಅಮ್ಮನನ್ನೇ. ಅಮ್ಮ ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದುದು ಮಗಳ ಗಂಟಲಿನಲ್ಲಿ ತನ್ನನ್ನೇ.

ಆಮೇಲೆ ಕೆಲಸ ಸಾಗಿತು. ತಂಗಿ ಅಮ್ಮನಂತೆ ವಾಕ್ಯದ ಕೊನೆಯನ್ನು ನುಂಗಿದಳು, ಅಮ್ಮನಂತೆ ಉತ್ತರಕ್ಕೆ ಮೊದಲು ಒಂದು ಗಳಿಗೆ ಕಾಯಿಸಿದಳು. ಕಿವಿ ತಲೆಯಾಡಿಸಿದ. ಆದರೆ ಅಳುವ ಜಾಗ ಬಂದಾಗ ಮಾತ್ರ ನಿಂತುಬಿಟ್ಟಳು. ಐದು ಸಲ, ಆರು ಸಲ ಪ್ರಯತ್ನಿಸಿದಳು. ಏನೂ ಬರಲಿಲ್ಲ.

"ಬಿಡಿ, ಅದಕ್ಕೆ ದಾರಿ ಇದೆ," ಅಂದ ಕಿವಿ. "ಉಸಿರುಪೆಟ್ಟಿಗೆ."

ಹೊಸ ಧಾರಾವಾಹಿ ಶುರುವಾದಾಗ ದನಿ ಕೊಡುವವರೆಲ್ಲ ಮೊದಲ ದಿನವೇ ಒಂದಷ್ಟು ನಿಟ್ಟುಸಿರು, ಕೆಮ್ಮು, ನಗು, ಬಿಕ್ಕುಗಳನ್ನು ಬಿಡಿಬಿಡಿಯಾಗಿ ಕೊಟ್ಟುಹೋಗುವುದು ಅಲ್ಲಿಯ ರೂಢಿ. ಸಣ್ಣಪುಟ್ಟದ್ದಕ್ಕೆಲ್ಲ ಅವರನ್ನು ಮತ್ತೆ ಕರೆಸುವ ಗೋಜಿರುವುದಿಲ್ಲ. ಅದನ್ನೆಲ್ಲ ಕೂಡಿಟ್ಟ ಕಡತಕ್ಕೆ ಅವನಿಟ್ಟ ಹೆಸರೇ ಉಸಿರುಪೆಟ್ಟಿಗೆ.

"ನಿಮ್ಮಕ್ಕ ಹದಿನಾಲ್ಕು ಬಗೆಯಲ್ಲಿ ಅತ್ತಿದ್ದಾಳೆ. ಬೇಕಾದ್ದನ್ನ ತೆಗೆದು ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ."

ತಂಗಿ ಒಪ್ಪಿದಳು. ಒಪ್ಪುವಾಗ ಅವಳಿಗಾದದ್ದು ನೆಮ್ಮದಿ. ಅದನ್ನು ನೆನೆದು ಆಮೇಲೆ ನಾಚಿಕೆಯಾಯಿತು.

ಎಪ್ಪತ್ತೆರಡನೆಯ ಕಂತಿನ ದಿನ ಅವಳು ಅರ್ಧ ದಿನ ರಜೆ ಹಾಕಿ ಬಂದು ಅಮ್ಮನ ಬೆನ್ನ ಹಿಂದೆ ಕುಳಿತಳು. ವಿಧವೆ ಅಂಗಡಿಯ ಬಾಗಿಲು ತೆರೆದಳು, ಗಿರಾಕಿಯೊಬ್ಬನನ್ನು ಗದರಿದಳು, ಕಿರಿಯ ಮಗನಿಗೆ ಮುಖ ತೊಳ್ಕೋ ಎಂದಳು. ಅಮ್ಮನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಧಾನವಾಗಿ ಓಡಾಡುತ್ತಲೇ ಇತ್ತು. ತಂಗಿ ಉಸಿರು ಬಿಟ್ಟಳು. ಆಗ ಆ ಹೆಂಗಸು ಒದ್ದೆ ಬಟ್ಟೆಗಳ ರಾಶಿಯ ಮೇಲೆ ಕುಸಿದು ಬಿಕ್ಕಿದಳು. ಕೈ ನಿಂತಿತು.

"ಮಾತು ನಿಂದು," ಅಂದಳು ಅಮ್ಮ, ತಿರುಗದೆ.

ತಂಗಿ ನೀರಿನ ಲೋಟವನ್ನು ಅಮ್ಮನ ಕಡೆಗೆ ಸರಿಸಿದಳು.

"ಬಾಯಿ ಬಿಟ್ಟ ಕೂಡಲೇ ಗೊತ್ತಾಯ್ತು. ಇರಲಿ, ಪಾಪ, ಕಷ್ಟಪಟ್ಟು ಮಾಡಿದ್ದೀಯ ಅಂತ ಸುಮ್ಮನಿದ್ದೆ. ಅಳು ಅವಳದು. ಅದೆಲ್ಲಿತ್ತು?"

ತಂಗಿ ಪೆಟ್ಟಿಗೆಯ ವಿಷಯ ಹೇಳಿದಳು. ಅಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು.

"ಮೂರು ದಿನ ಮೈ ಸುಡ್ತಿದ್ರೂ ಅವಳು ಅಳಲಿಲ್ಲ. ಹೋದ ಮೇಲೆ ಹಿಡ್ಕೊಂಡು ಬಂದು ಅಳಿಸ್ತಿದ್ದೀರಲ್ಲೇ. ತೆಗೆಸು ಅದನ್ನ."

"ಹಾಗಾದ್ರೆ ಅಳೋರು ಯಾರಮ್ಮ?"

"ಅಳು ಬೇಕಾದೋರು ತಾವೇ ಅತ್ಕೊಳ್ಳಲಿ."

ಅಂದು ಆ ಊಟ ಹಾಗೇ ಒಣಗಿತು. ಮಾರನೆಯ ದಿನವೂ ಅಮ್ಮ ಚಹಾದ ಹೊರತು ಏನನ್ನೂ ಮುಟ್ಟಲಿಲ್ಲ. ತಂಗಿ ಸ್ಟುಡಿಯೋಗೆ ಓಡಿದಳು. ಕಿವಿ ಕೈ ಚೆಲ್ಲಿದ: ಎಪ್ಪತ್ತೊಂಬತ್ತರವರೆಗೆ ಎಲ್ಲವೂ ವಾಹಿನಿಗೆ ಹೋಗಿಯಾಗಿತ್ತು. "ಕೊನೇದು ಒಂದೇ ನನ್ನ ಹತ್ರ ಇರೋದು," ಅಂದ.

ಉಳಿದ ಕಂತುಗಳನ್ನು ಅಮ್ಮ ತನ್ನದೇ ಬಗೆಯಲ್ಲಿ ನೋಡಿದಳು. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಆ ಹೆಂಗಸಿನ ಗಲ್ಲ ನಡುಗುವ ಸೂಚನೆ ಕಂಡ ಕೂಡಲೇ ದನಿಯನ್ನು ಪೂರ್ತಿ ಅಡಗಿಸಿಬಿಡುತ್ತಿದ್ದಳು. ಪರದೆಯ ಮೇಲೆ ಬಾಯಿ ತೆರೆದು ಮುಚ್ಚುತ್ತಿತ್ತು, ಭುಜಗಳು ಕುಲುಕುತ್ತಿದ್ದವು. ಕೋಣೆಯಲ್ಲಿ ಗಡಿಯಾರವೊಂದೇ ಕೇಳಿಸುತ್ತಿತ್ತು. ದೃಶ್ಯ ದಾಟಿದ ಮೇಲೆ ಮತ್ತೆ ಪಿಸುಮಾತು. ತುತ್ತುಗಳು ನಾಲ್ಕರಿಂದ ಎರಡಕ್ಕೆ ಇಳಿದಿದ್ದವು.

ಎಂಬತ್ತನೆಯ ಕಂತಿನಲ್ಲಿ ವಿಧವೆ ಅಂಗಡಿಗೆ ಹೊಸದಾಗಿ ಬಣ್ಣ ಬಳಿಸಿ ಮತ್ತೆ ತೆರೆಯುತ್ತಾಳೆ. ಕಪಾಟಿನ ತಳದಲ್ಲಿ ಗಂಡನ ಅಂಗಿ ಸಿಗುತ್ತದೆ. ಅದನ್ನು ಇಸ್ತ್ರಿ ಮಾಡುತ್ತ ಮಾಡುತ್ತ ಅವಳಿಗೆ ದುಃಖ ಒತ್ತರಿಸಿ ಬರುತ್ತದೆ. ಅತ್ತು, ಕಣ್ಣೊರೆಸಿಕೊಂಡು, ಮೊದಲ ಗಿರಾಕಿಯನ್ನು ನಗುತ್ತ ಒಳಗೆ ಕರೆಯುತ್ತಾಳೆ. ಅತ್ತು ಮುಗಿಸಿದರೆ ನಗಬಹುದೆಂದು ಬರೆದವರು ಎಷ್ಟು ಸಲೀಸಾಗಿ ನಂಬಿದ್ದಾರೆಂದು ತಂಗಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೈಕಿನ ಮುಂದೆ ಹನ್ನೊಂದು ಸಲ ನಿಂತಳು.

"ಇದು ಅಳು ಅಲ್ಲ," ಅಂದ ಕಿವಿ ಮೆತ್ತಗೆ. "ಬಿಕ್ಕಳಿಕೆ. ಮೇಡಂ ನನ್ನ ಕಿವಿ ಹಿಂಡ್ತಾರೆ. ಈಗಲೂ ಪೆಟ್ಟಿಗೆ ತೆರೀಬಹುದು."

"ಬೇಡ. ಇದನ್ನೇ ಕಳಿಸಿ."

ಕೊನೆಯ ದಿನ ನಾಲ್ಕು ಗಂಟೆಗೆ ಅಮ್ಮ ಸ್ಟೂಲಿನ ಮೇಲೆ, ತಂಗಿ ಅದರ ಪಕ್ಕ ನೆಲದ ಮೇಲೆ. ತಟ್ಟೆ ಇಬ್ಬರ ನಡುವೆ ಮುಟ್ಟದೆ ಇತ್ತು. ಅಂಗಿ ಸಿಕ್ಕಿತು. ಇಸ್ತ್ರಿಪೆಟ್ಟಿಗೆಯ ಹಬೆ ಏರಿತು. ಗಲ್ಲ ನಡುಗಿತು. ಅಮ್ಮ ರಿಮೋಟ್ ಎತ್ತಿದಳು.

"ಬೇಡಮ್ಮ. ಇದು ನಂದು."

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಪರದೆಯ ಹೆಂಗಸು ಅಂಗಿಯಲ್ಲಿ ಮುಖ ಹುದುಗಿಸಿಕೊಂಡಳು. ಅವಳ ಬಾಯಿಂದ ಒಣಗಿದ, ತುಂಡುತುಂಡಾದ ಸದ್ದು ಹೊರಟಿತು. ಹಕ್, ಹಕ್. ಮತ್ತೆ ಸ್ವಲ್ಪ ತಡೆದು, ಹಕ್.

ಅಮ್ಮ ಕೊನೆಯವರೆಗೂ ಕೇಳಿದಳು.

"ಇದೇನೇ ಇದು," ಅಂದಳು. "ಬಸ್ಸು ಏರಿನಲ್ಲಿ ಕೆಟ್ಟು ನಿಂತ ಹಾಗಿದೆ."

ಎಷ್ಟೋ ದಿನಗಳ ಮೇಲೆ ಅಮ್ಮ ಆಡಿದ ಮೊದಲ ಕುಚೋದ್ಯ ಅದು. ತಂಗಿಗೆ ನಗು ಬಂತು. ನಗುತ್ತ ಏನೋ ಹೇಳಲು ಹೋದಳು. ಅರ್ಧಕ್ಕೇ ಆ ನಗು ಕೈಕೊಟ್ಟಿತು. ಹನ್ನೊಂದು ಸಲ ಕರೆದರೂ ಬಾರದಿದ್ದದ್ದು ಈಗ ಯಾರೂ ಕರೆಯದೆ ಬಂದು, ಅವಳನ್ನು ಬಗ್ಗಿಸಿ, ಹಣೆಯನ್ನು ಸ್ಟೂಲಿನ ಕಾಲಿಗೆ ಒತ್ತಿ ಹಿಡಿಯಿತು. ಅದರ ಸದ್ದು ಚೆನ್ನಾಗಿರಲಿಲ್ಲ. ಯಾವ ಪೆಟ್ಟಿಗೆಯಲ್ಲೂ ಇಡುವಂಥದ್ದಾಗಿರಲಿಲ್ಲ. ಟೀವಿಯೊಳಗೆ ವಿಧವೆ ಆಗಲೇ ಗಿರಾಕಿಯನ್ನು ನಗುತ್ತ ಒಳಗೆ ಕರೆಯುತ್ತಿದ್ದಳು, ತಂಗಿಯದೇ ದನಿಯಲ್ಲಿ.

ಅಳುವಿನ ನಡುವೆಯೂ ತಂಗಿ ಕಾದಳು: ಇನ್ನೇನು ಬರುತ್ತದೆ ಆ ಮಾತು, ಏಳು, ಮುಖ ತೊಳ್ಕೋ.

ಅಮ್ಮ ಅದನ್ನು ಹೇಳಲಿಲ್ಲ. ಮೇಲಿನ ಮನೆಯ ಕಡೆಗೊಮ್ಮೆ ಕತ್ತೆತ್ತಿ ನೋಡಿ, ರಿಮೋಟ್ ಹಿಡಿದು ಟೀವಿಯ ದನಿಯನ್ನು ಏರಿಸಿದಳು. ಇನ್ನೂ ಏರಿಸಿದಳು, ಈ ಮಗಳ ಅಳು ಗೋಡೆ ದಾಟಿ ಯಾರಿಗೂ ಕೇಳಿಸದಷ್ಟು.