ಚೌಕಾಸಿಗೊಂದು ಕಾರ್ಡು

ಬೆಲೆ ಹೇಳಿದ ತಕ್ಷಣ ಒಪ್ಪಿ ದುಡ್ಡು ಎಣಿಸಿಕೊಡುವ ಜನ ಈ ಪ್ರಪಂಚದಲ್ಲಿ ಇದ್ದಾರೆ ಎಂಬುದೇ ಮದುವೆಯಾದ ಮೇಲೆ ರಂಗನಾಯಕಮ್ಮನಿಗೆ ಮರೆತುಹೋಗಿತ್ತು. ಅವರ ಯಜಮಾನರು ಚಕ್ರಪಾಣಿ ವಿದ್ಯುತ್ ಮಂಡಳಿಯಲ್ಲಿ ಹೆಡ್‌ಕ್ಲರ್ಕಾಗಿ ನಿವೃತ್ತರಾದವರು. ಸಂಭಾವಿತರು. ಬೀಡಿ ಸಿಗರೇಟು ಇಲ್ಲ, ಇಸ್ಪೀಟು ಇಲ್ಲ, ಮನೆಯಲ್ಲಿ ದನಿ ಎತ್ತಿ ಮಾತಾಡಿದವರಲ್ಲ. ಚೌಕಾಸಿಯೊಂದೇ ಅವರಿಗಿದ್ದ ಚಟ. ಗಾಂಧಿಬಜಾರಿನ ಹೂವಿನವಳಿಂದ ಹಿಡಿದು ಚಿಕ್ಕಪೇಟೆಯ ಸೀರೆ ಅಂಗಡಿಯವರೆಗೆ ಅವರದು ಒಂದೇ ಪಟ್ಟು. ಎಷ್ಟು ಕೊಡಬೇಕೆಂದು ಮನೆಯಲ್ಲೇ ತೀರ್ಮಾನಿಸಿ, ಅಷ್ಟನ್ನು ಮಾತ್ರ ಪರ್ಸಿನಲ್ಲಿಟ್ಟು, ಮಿಕ್ಕದ್ದನ್ನು ಬನಿಯನ್ನಿನ ಒಳಜೇಬಿಗೆ ಸೇರಿಸಿಕೊಂಡು ಹೊರಡುವುದು. ಅಂಗಡಿಯವನ ಮುಂದೆ ಪರ್ಸನ್ನು ಬಿಚ್ಚಿ ತೋರಿಸಿ, ಇರುವುದೇ ಇಷ್ಟಪ್ಪ ಎನ್ನುವುದು. ಒಪ್ಪದಿದ್ದರೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು. ಐದನೆಯ ಹೆಜ್ಜೆಗೆ ಅಂಗಡಿಯವನು ಕರೆದೇ ಕರೆಯುತ್ತಾನೆ ಎಂಬುದು ಅವರ ನಂಬಿಕೆ.

ಎಲ್ಲರೂ ಕರೆಯುತ್ತಿರಲಿಲ್ಲ. ರಂಗನಾಯಕಮ್ಮ ಮನಸ್ಸಿಟ್ಟ ಸೀರೆಗಳೆಲ್ಲ ಆ ಕರೆಯದ ಅಂಗಡಿಗಳಲ್ಲೇ ಉಳಿದುಹೋದವು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಉಟ್ಟದ್ದೆಲ್ಲ ಎರಡನೆಯದಾಗಿ ಹಿಡಿಸಿದ್ದು, ಇಲ್ಲವೇ ಮೂರನೆಯದಾಗಿ. ನೆಂಟರ ಮುಂದೆ ಇದನ್ನೇ ತಮಾಷೆಯಾಗಿ ಹೇಳಿಕೊಂಡು ಅವರೂ ನಗುತ್ತಿದ್ದರು. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ಇಂಥ ಮನೆಯಲ್ಲಿ ಎರಡು ಸಾವಿರದ ಆರನೆಯ ಇಸವಿಯ ಶ್ರಾವಣದಲ್ಲಿ ರೈಲಿನ ಮಾತು ಎದ್ದಿತು.

ರೈಲು ಅಂದರೆ ತಗಡಿನ ಆಟದ ರೈಲು. ಸ್ಟೇಷನ್ ಮಾಸ್ಟರಾಗಿದ್ದ ರಂಗನಾಯಕಮ್ಮನ ತಂದೆಗೆ, ಊರಿಗೆ ವಾಪಸು ಹೊರಟಿದ್ದ ಇಂಗ್ಲಿಷ್ ಎಂಜಿನಿಯರೊಬ್ಬ ಕೊಟ್ಟುಹೋದದ್ದು. ಹಸಿರು ಎಂಜಿನ್ನು, ಮೂರು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಕೀಲಿ ಕೊಟ್ಟು ಬಿಟ್ಟರೆ ಏಳು ಸುತ್ತು ಓಡುತ್ತಿತ್ತು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದಾಗ ಮೆಟ್ಟಿಲುಗಳ ಕೆಳಗೆ ಅದರ ಜಾಗ. ಬಸವನಗುಡಿಯ ಆ ಅಡ್ಡರಸ್ತೆಯ ಮಕ್ಕಳಿಗೆ ಪಟ್ಟದ ಗೊಂಬೆಯೂ ಬೇಡ, ದಶಾವತಾರವೂ ಬೇಡ, ಆ ರೈಲು ಓಡಬೇಕು. ಇಪ್ಪತ್ತೊಂಬತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ, ಸ್ವಂತಕ್ಕೆ ಮಕ್ಕಳಿಲ್ಲದ ರಂಗನಾಯಕಮ್ಮನಿಗೆ ವರ್ಷಕ್ಕೆ ಒಂಬತ್ತು ಸಂಜೆ ನಡುಮನೆ ತುಂಬ ಮಕ್ಕಳು ಗಲಾಟೆ ಮಾಡುವುದು ಊಟದಷ್ಟೇ ಅಗತ್ಯವಾಗಿತ್ತು.

ಎರಡು ವರ್ಷದ ಹಿಂದೆ ಎಂಜಿನ್ನು ಕಿರುಗುಟ್ಟತೊಡಗಿತು. ಚಕ್ರಪಾಣಿ ಅದನ್ನು ನಗರ್ತಪೇಟೆಯ ಒಬ್ಬ ರಿಪೇರಿಯವನ ಹತ್ತಿರ ಒಯ್ದರು. ಅವನು ನೂರೈವತ್ತು ಕೇಳಿದ, ಇವರು ನಲವತ್ತಕ್ಕೆ ಇಳಿಸಿದರು. ಅವನೂ ಪ್ರಾಮಾಣಿಕ, ನಲವತ್ತು ರೂಪಾಯಿಗೆ ಎಷ್ಟು ಕೆಲಸವೋ ಅಷ್ಟನ್ನೇ ಮಾಡಿದ. ಹಿಂದಿನ ದಸರೆಯಲ್ಲಿ ಎಂಜಿನ್ನು ಅರ್ಧ ಸುತ್ತು ಓಡಿ, ಒಳಗಿನ ಹಲ್ಲುಚಕ್ರಗಳೆಲ್ಲ ಮುರಿದು, ನಿಂತೇ ಹೋಯಿತು. ಮಕ್ಕಳು ಉಸಲಿ ಇಸಕೊಂಡು ಎದುರುಮನೆ ಶೈಲಜಮ್ಮನವರಲ್ಲಿಗೆ ಓಡಿದರು, ಅಲ್ಲಿ ಬ್ಯಾಟರಿ ಹಾಕಿದ ವಿಮಾನ ತಿರುಗುತ್ತಿತ್ತು. ಒಂಬತ್ತು ದಿನವೂ ರಂಗನಾಯಕಮ್ಮನ ನಡುಮನೆ ಬಿಕೋ ಎನ್ನುತ್ತಿತ್ತು.

ಆ ನೋವಿನಲ್ಲಿ ಅವರು ಇಂಟರ್‌ನೆಟ್ಟು ಕಲಿತರು. ಗಾಂಧಿಬಜಾರಿನ ಹಿಂದೆ ಸೈಬರ್ ಸೆಂಟರ್ ಇಟ್ಟಿದ್ದ ರವಿಕುಮಾರ್ ಒಂದು ಕಾಲದಲ್ಲಿ ಅವರ ಹತ್ತಿರವೇ ಮಗ್ಗಿ ಕಲಿತವನು. ಈಗ ಅವನೇ ಮೇಷ್ಟ್ರು. ಆರು ತಿಂಗಳು ಹುಡುಕಿದ ಮೇಲೆ ಇಂಗ್ಲೆಂಡಿನ ಉತ್ತರದ ಯಾವುದೋ ಸಣ್ಣ ಊರಿನಲ್ಲಿ ಹಳೆಯ ಆಟಿಕೆ ಮಾರುವ ಹೆಂಗಸೊಬ್ಬಳ ವೆಬ್‌ಸೈಟಿನಲ್ಲಿ ಅದೇ ಹಸಿರು ಎಂಜಿನ್ನು ಕಂಡಿತು. ಓಡುವ ಸ್ಥಿತಿಯಲ್ಲಿದೆ, ಇರುವುದು ಒಂದೇ, ಅಂಚೆ ಖರ್ಚೂ ಸೇರಿ ಮೂವತ್ತೆಂಟು ಪೌಂಡು. ರಂಗನಾಯಕಮ್ಮ ಆಕೆಗೆ ಗೊಂಬೆ ಹಬ್ಬವೆಂದರೇನು ಎಂದು ವಿವರಿಸಿ ಉದ್ದನೆಯ ಮೇಲ್ ಬರೆದರು. ತಿಂಗಳ ಕೊನೆಯವರೆಗೆ ಬೇರೆಯವರಿಗೆ ಕೊಡುವುದಿಲ್ಲವೆಂದು ಆಕೆ ಉತ್ತರ ಬರೆದಳು.

ಅಂದು ಸಂಜೆ ಕಾಫಿ ಕೊಡುವಾಗ ರಂಗನಾಯಕಮ್ಮ ಗಂಡನಿಗೆ ವಿಷಯ ತಿಳಿಸಿದರು. "ಇದೊಂದನ್ನ ಅವ್ರು ಕೇಳಿದಷ್ಟು ಕೊಟ್ಟು ತರ್ಸಿಕೊಡಿ" ಎಂದರು. ಚಕ್ರಪಾಣಿ ಲೋಟದೊಳಗೆ ನೋಡಿಕೊಂಡು ತಲೆಯಾಡಿಸಿದರು.

ಹಣ ಕಳಿಸಲು ಕಾರ್ಡು ಬೇಕಿತ್ತು. ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ಆರಿಸುವವರು ಕಾರ್ಡನ್ನು ಸುಮ್ಮನೆ ಆರಿಸುತ್ತಾರೆಯೇ? ಎರಡು ವಾರ ಹಿಡಿಯಿತು. ಕ್ರೆಡಿಟ್ ಕಾರ್ಡು ಬೇಡವೇ ಬೇಡ, ಅದರ ನಂಬರು ಸಮುದ್ರ ದಾಟಿದರೆ ಮನೆಮಠ ಹೋದಂತೆಯೇ ಎಂದರು. ಇನ್ನೊಂದು ಬ್ಯಾಂಕಿನಲ್ಲಿ ಮೊದಲೇ ದುಡ್ಡು ತುಂಬಿಸಿಕೊಳ್ಳುವ ವಿದೇಶ ಪ್ರವಾಸದ ಕಾರ್ಡು ಇತ್ತು. ಅವರು ಪಾಸ್‌ಪೋರ್ಟು, ವಿಮಾನದ ಟಿಕೆಟ್ಟು ಕೇಳಿದರು. ಬರಬೇಕಾದ್ದು ರೈಲು, ನಾನೆಲ್ಲಿಗೂ ಹೋಗುತ್ತಿಲ್ಲ ಎಂದು ಚಕ್ರಪಾಣಿ ಎಷ್ಟು ಹೇಳಿದರೂ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಕೊನೆಗೆ ಪಿಂಚಣಿ ಬರುವ ಬ್ಯಾಂಕಿನ ಆಫೀಸರು ತ್ರಿಪುರಸುಂದರಿ ಎಂಬಾಕೆ ವರ್ಚುವಲ್ ಕಾರ್ಡಿನ ಸುದ್ದಿ ತೆಗೆದರು. ಕೈಗೆ ಸಿಗುವ ಕಾರ್ಡಲ್ಲ ಅದು. ಖಾತೆಯ ಪುಟದಲ್ಲಿ ಬೇಕೆಂದಾಗ ಒಂದು ಹದಿನಾರಂಕಿಯ ನಂಬರು ಹುಟ್ಟಿಸಿಕೊಳ್ಳಬೇಕು. ಒಂದು ಸಲ ಬಳಸಿದರೆ ಮುಗಿಯಿತು. ಬಳಸದಿದ್ದರೆ ಮಾರನೆಯ ದಿನ ತಾನಾಗಿ ಸತ್ತು, ದುಡ್ಡು ಖಾತೆಗೆ ವಾಪಸು. ಚಕ್ರಪಾಣಿ ಐದು ಸಲ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿದರು. ಐದನೆಯ ಸಲ ಆಕೆ ಬೇಸತ್ತು, ಅದರಲ್ಲಿ ಎಷ್ಟು ದುಡ್ಡಿರಬೇಕೆಂದು ನೀವೇ ಹಾಕುತ್ತೀರಿ, ಅದರ ಮೇಲೆ ಅಂಗಡಿಯವರು ಒಂದು ಪೈಸೆಯನ್ನೂ ಎಳೆಯಲಾರರು ಎಂದುಬಿಟ್ಟರು. ಚಕ್ರಪಾಣಿಯ ಮುಖ ಅರಳಿತು. ಅದು ಕಾರ್ಡೇ ಅಲ್ಲ, ಅವರ ಪರ್ಸು! ಬಿಚ್ಚಿ ತೋರಿಸಿ ಇರುವುದೇ ಇಷ್ಟು ಎನ್ನುವುದಕ್ಕೆ ಬ್ಯಾಂಕಿನವರೇ ಹೊಲಿದುಕೊಟ್ಟ ಪರ್ಸು. ಒಳಜೇಬು ಬ್ಯಾಂಕಿನಲ್ಲೇ ಭದ್ರವಾಗಿದೆ.

ಆಗಸ್ಟಿನ ಕೊನೆಯ ವಾರ ಅವರು ಒಬ್ಬರೇ ರವಿಕುಮಾರನ ಸೆಂಟರಿಗೆ ಹೋಗಿ, ಹೆಗಲ ಮೇಲಿನ ಟವಲನ್ನು ಪರದೆಯ ಮೇಲೆ ಅರ್ಧ ಇಳಿಬಿಟ್ಟು, ಎರಡೂವರೆ ಸಾವಿರದ ಕಾರ್ಡು ಹುಟ್ಟಿಸಿದರು. ಮೂವತ್ತೆಂಟು ಪೌಂಡಿಗೆ ಮೂರು ಸಾವಿರದ ಮುನ್ನೂರರ ಮೇಲಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ವೆಬ್‌ಸೈಟು ಕಾರ್ಡನ್ನು ತಿರಸ್ಕರಿಸಿತು. ಅವರು ಎದ್ದು ಹೊರಗಿನ ಬೆಂಚಿನ ಮೇಲೆ ಕಾಲು ಗಂಟೆ ಕುಳಿತು ಒಳಗೆ ಬಂದು, ಮೇಲ್ ಬಂತೇ ಎಂದು ಕೇಳಿದರು. ಬಂದಿರಲಿಲ್ಲ. ಹೆಂಡತಿಗೆ ಸರ್ವರ್ ಡೌನ್ ಎಂದರು. ಎರಡು ದಿನ ಬಿಟ್ಟು ಎರಡು ಸಾವಿರದ ಏಳ್ನೂರೈವತ್ತರ ಕಾರ್ಡು. ಅದಕ್ಕೂ ಅದೇ ಗತಿ, ಹೆಂಡತಿಗೂ ಅದೇ ಉತ್ತರ.

ತಿಂಗಳು ಮುಗಿಯಲು ಒಂದೇ ದಿನ ಉಳಿದಾಗ ರಂಗನಾಯಕಮ್ಮ ತಾವೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸಂಜೆ ಐದು ಗಂಟೆ. ಟವಲಿನ ಅಂಚಿನಿಂದ ಇಣುಕಿದಾಗ ಮೊತ್ತದ ಜಾಗದಲ್ಲಿ ಎರಡು ಸಾವಿರದ ಒಂಬೈನೂರು ಎಂದಿತ್ತು. ಮಗ್ಗಿ ಹೇಳಿಕೊಟ್ಟ ಬಾಯಿ ಅವರದು, ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಚಕ್ರಪಾಣಿ ಗುಂಡಿ ಒತ್ತಿಯಾಗಿತ್ತು, ಕಾರ್ಡು ತಿರಸ್ಕೃತವೂ ಆಗಿತ್ತು.

ಇದೇನು ಮಾಡಿದಿರಿ ಎಂದು ಕೇಳಿದಾಗ ಚಕ್ರಪಾಣಿ ಸಮಾಧಾನವಾಗಿ, ಮೂರನೆಯ ಸಲ ಪರ್ಸು ತೋರಿಸಿದ್ದಾಯಿತು, ಇನ್ನು ಅವರು ಕರೆಯದೆ ಇರುವುದಿಲ್ಲ ಎಂದರು. ರಂಗನಾಯಕಮ್ಮ ಸಿಟ್ಟಿನಿಂದ ಅವರ ಕಡೆ ತಿರುಗಿದರು. ಅಷ್ಟರಲ್ಲಿ ಆ ಹೆಂಗಸಿನ ಮೇಲ್ ಬಂದೇ ಬಂತು.

"ನೋಡ್ದ್ಯಾ, ಕರೆದ್ರು" ಎಂದು ಚಕ್ರಪಾಣಿ ಕುರ್ಚಿಯಲ್ಲಿ ಹಿಂದಕ್ಕೊರಗಿದರು. ರವಿಕುಮಾರ್ ಓದಿ ಕನ್ನಡದಲ್ಲಿ ಹೇಳುತ್ತ ಹೋದ. ಮಾನ್ಯರೇ, ನಿಮ್ಮ ಕಾರ್ಡು ಮೂರು ಸಲ ವಾಪಸಾಗಿದೆ, ಮೂರು ಸಲವೂ ಕಾರಣ ಹಣ ಸಾಲದು ಎಂದೇ ಬಂದಿದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕೂಡಿಸಿಕೊಂಡು ಬಂದು ಪ್ರಯತ್ನಿಸುತ್ತಿದ್ದೀರೆಂದು ನನಗೆ ಅರ್ಥವಾಗಿದೆ. ನಾನೂ ಪಿಂಚಣಿಯಲ್ಲಿ ಬದುಕುವವಳು, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಂಜಿನ್ನನ್ನು ನಿಮ್ಮ ಹೆಂಡತಿಗೆ ಉಡುಗೊರೆಯಾಗಿ ಕಳಿಸುತ್ತೇನೆ. ಭಾನುವಾರ ನಿಮ್ಮ ಕಷ್ಟವನ್ನು ಚರ್ಚಿನಲ್ಲಿ ಹೇಳಿದೆ, ಅಂಚೆ ಖರ್ಚಿಗೆ ಎಲ್ಲರೂ ಸೇರಿ ಚಂದಾ ಎತ್ತಿದ್ದಾರೆ.

ಚಂದಾ ಎಂಬ ಮಾತಿಗೆ ಬಂದಾಗ ರವಿಕುಮಾರನ ದನಿ ಇಳಿಯಿತು. ಪಕ್ಕದ ಕಂಪ್ಯೂಟರಿನ ಧೂಳು ಒರೆಸಬೇಕೆಂದು ಅವನಿಗೆ ಇದ್ದಕ್ಕಿದ್ದಂತೆ ನೆನಪಾಯಿತು.

ಚಕ್ರಪಾಣಿ ಗೆದ್ದಿದ್ದರು. ಹುಟ್ಟಿದಾಗಿನಿಂದ ಇಂಥ ಚೌಕಾಸಿ ಅವರಿಗೆ ಸಾಧ್ಯವಾಗಿರಲಿಲ್ಲ, ಬೆಲೆ ಸೊನ್ನೆಗೆ ಇಳಿದಿತ್ತು. ಆದರೆ ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಾಯಿತು. ರಂಗನಾಯಕಮ್ಮನಿಗೆ ಮೊದಲು ಬಂದದ್ದು ನಗು. ಕಾಣದ ಊರಿನ ಚರ್ಚಿನಲ್ಲಿ ತಮ್ಮ ಹೆಸರಿನಲ್ಲಿ ತಟ್ಟೆ ಹಿಡಿದು ಓಡಾಡುವವರನ್ನು ನೆನೆದು ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

"ನೀವು ಅಂಗಡಿಯಿಂದ ಎದ್ದು ಹೊರಟಾಗೆಲ್ಲ ನಾನು ಹಿಂದೆ ತಿರುಗಿ ನೋಡ್ಕೊಂಡೇ ಬಂದಿದೀನಿ" ಎಂದರು. "ಮೂವತ್ತೆಂಟು ವರ್ಷದಲ್ಲಿ ನೀವು ಒಂದ್ಸಲಾನೂ ನನ್ನ ಮುಖ ನೋಡ್ಲಿಲ್ಲ."

ಚಕ್ರಪಾಣಿ ಈಗ ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಆ ಹೆಂಗಸಿಗೆ ಉತ್ತರ ಬರೆದರು. ದುಡ್ಡಿಗೆ ಬಡತನವಿಲ್ಲ, ಕಾರ್ಡಿನಲ್ಲಿ ಕಡಿಮೆ ಹಾಕಿದ್ದು ತಾವೇ, ಅದು ತಮ್ಮ ಕೆಟ್ಟ ಅಭ್ಯಾಸ, ಚಂದಾ ಹಣವನ್ನು ಹಿಂದಿರುಗಿಸಿಬಿಡಿ. ಆಕೆ ನಂಬಲಿಲ್ಲ. ಸ್ವಾಭಿಮಾನಕ್ಕೆ ಹೀಗೆ ಬರೆಯುತ್ತಿದ್ದಾರೆಂದುಕೊಂಡು, ಹಾಗಿದ್ದರೆ ಐದು ಪೌಂಡು ಕೊಡಿ ಎಂದಳು. ಇವರು ಮೂವತ್ತೆಂಟಕ್ಕೆ ಪಟ್ಟು ಹಿಡಿದರು. ಆಕೆ ಹದಿನೈದು ಎಂದಳು, ಇಪ್ಪತ್ತು ಎಂದಳು. ಮುಕ್ಕಾಲು ಗಂಟೆ ಎರಡು ದೇಶಗಳ ನಡುವೆ ಮೇಲ್‌ಗಳು ಓಡಾಡಿದವು. ಬೆಲೆ ಏರಿಸಲು ಮಾಡಿದ ಆ ಚೌಕಾಸಿಯಲ್ಲಿ ಚಕ್ರಪಾಣಿ ಬೆವರಿಹೋದರು, ಆದರೂ ಕೊನೆಗೆ ಮೂವತ್ತೆಂಟಕ್ಕೆ ಹತ್ತಿಸಿಯೇ ಬಿಟ್ಟರು.

ಎಂಜಿನ್ನು ದಸರೆಗೆ ಮೂರು ದಿನ ಮೊದಲು ಬಂತು. ಏಳು ಸುತ್ತಲ್ಲ, ಒಂಬತ್ತು ಸುತ್ತು ಓಡಿತು. ಶೈಲಜಮ್ಮನವರ ವಿಮಾನವನ್ನು ಬಿಟ್ಟು ಬೀದಿಯ ಮಕ್ಕಳೆಲ್ಲ ಬಂದು ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕೂತರು. ಅದೆಲ್ಲ ಸರಿ. ಆದರೆ ಯಾರಾದರೂ ಈ ರೈಲಿನ ಸುದ್ದಿ ಕೇಳಿದರೆ ರಂಗನಾಯಕಮ್ಮ ಹೇಳುವುದು ಹಬ್ಬದ ಸಂಜೆಗಳನ್ನಲ್ಲ, ಆ ದಿನ ಸೈಬರ್ ಸೆಂಟರಿನಲ್ಲಿ ಹುಟ್ಟಿದ ನಾಲ್ಕನೆಯ ಕಾರ್ಡನ್ನು.

ಟವಲು ಆಗ ಪರದೆಯ ಮೇಲಿರಲಿಲ್ಲ. ಚಕ್ರಪಾಣಿ ಮೊತ್ತದ ಜಾಗದಲ್ಲಿ ಅಂಕಿಗಳನ್ನು ಒತ್ತಿದರು. ರಂಗನಾಯಕಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಹತ್ತು ಸಾವಿರ. ಇವರಿಗೆ ತಲೆ ಕೆಟ್ಟಿದೆ, ಕೈ ತಪ್ಪಿದೆ ಎಂದುಕೊಂಡು ಅವರು ಮೆಲ್ಲಗೆ, ಮೂರೂವರೆ ಸಾವಿರ ಹಾಕಿದರೆ ಸಾಕಲ್ಲ ಎಂದು ನೆನಪಿಸಿದರು.

"ಗೊತ್ತು" ಎಂದರು ಚಕ್ರಪಾಣಿ, ಪರದೆಯಿಂದ ಕಣ್ಣು ತೆಗೆಯದೆ. "ಕೊನೇ ಗಳಿಗೇಲಿ ಆಯಮ್ಮ ಮನಸ್ಸು ಬದಲಾಯ್ಸಿ ಜಾಸ್ತಿ ಕೇಳಿದ್ರೂ, ಅದು ನಿಂಗೆ ಬರ್ಲೇಬೇಕು ಕಣೆ."

ಹಾಗೆಂದು ಗುಂಡಿ ಒತ್ತಿದರು.