ಸುಮ್ಮನಿರುವವರು ಮೊದಲು

ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗೆ ಬೆಳಗಿನ ಬಿಸಿಲಲ್ಲಿ ಮನೆಯ ನೆಲವೇ ತೇಲುತ್ತಿರುವಂತೆ ಕಂಡಿತು. ಗೋಡೆಗಳು ವಾರ್ಡಿನ ಪರದೆಗಳಂತೆ ಮೆಲ್ಲಗೆ ಅಲುಗುತ್ತಿದ್ದವು. ಮಧ್ಯಾಹ್ನ ಮತ್ತೆ ಡ್ಯೂಟಿಗೆ ಬರಲಾಗುತ್ತದೆಯೇ ಎಂದು ಮೇಟ್ರನ್ ಕೇಳಿದ್ದರು. ಅವಳಿನ್ನೂ ಉತ್ತರ ಕೊಟ್ಟಿರಲಿಲ್ಲ.

"ಮಹಾರಾಣಿಯವರಿಗೆ ಮನೆ ದಾರಿ ನೆನಪಿತ್ತಲ್ಲ," ಎಂದ ಗಂಡ, ಸುಟ್ಟ ಬೆರಳನ್ನು ನಲ್ಲಿಗೆ ಹಿಡಿದು.

"ನನ್ನ ಮಂಡಿ ನೋಡೋರೇ ಇಲ್ಲ ಕಣಮ್ಮಾ," ಎಂದರು ಅತ್ತೆ.

ಶೂ ಲೇಸ್ ಕಟ್ಟುತ್ತಿದ್ದ ಮಗಳು ಮೆತ್ತಗೆ ಹೇಳಿದಳು: "ಮಧ್ಯಾಹ್ನ ನನ್ನ ನಾಟಕಕ್ಕೆ ನೀನು ಬರದಿದ್ರೂ ಪರವಾಗಿಲ್ಲಮ್ಮ."

ಹೋದ ವರ್ಷ ಅಮ್ಮ ಬರಲಿಲ್ಲವೆಂದು ಅತ್ತು ರಂಪ ಮಾಡಿದ್ದವಳು ಇವಳೇ. ನರ್ಸ್ ನಿದ್ದೆಗಣ್ಣಲ್ಲೇ ನಿಂತಳು. ಗಾಯಾಳುಗಳು ಒಟ್ಟಿಗೆ ಬಂದರೆ ಕೂಗುವವರಿಗೆ ಉಸಿರಿದೆ, ಸುಮ್ಮನಿರುವವರನ್ನು ಮೊದಲು ನೋಡಿ ಎಂದು ಹೊಸಬರಿಗೆ ಕಲಿಸುವವಳು ಅವಳು.

ಇಬ್ಬರನ್ನೂ ದಾಟಿ ಹೋಗಿ ಮಗಳೆದುರು ಕುಳಿತಳು.

"ನಾವೇನು ಮನುಷ್ಯರಲ್ವಾ?" ಎಂದ ಗಂಡ.

"ನೀವು ಚೆನ್ನಾಗೇ ಕೂಗ್ತಿದ್ದೀರಿ. ಸ್ವಲ್ಪ ಕಾಯಿರಿ."

ಫೋನ್ ತೆಗೆದು ಮೇಟ್ರನ್‌ಗೆ, "ಮಧ್ಯಾಹ್ನ ಬರೋಕಾಗಲ್ಲ ಮೇಡಂ," ಎಂದಳು.

ಮಗಳು ತಲೆ ಎತ್ತಲಿಲ್ಲ. ಕಟ್ಟಿದ್ದ ಲೇಸನ್ನು ಬಿಚ್ಚಿ, ಕಾಲನ್ನು ಅಮ್ಮನ ಮಡಿಲಿಗೆ ಚಾಚಿದಳು.