ತುಳಜಾಬಾಯಿಯ ಅರ್ಧ ಗುಡ್ಡ

ಊರಿನವರಿಗೆ ಕಾಡಿನ ಪಾಠ ಹೇಳಲು ಒಂದು ಸಂಸ್ಥೆ ಧಮ್ಮಶೀಲಾಳನ್ನು ಮನೂರಿನಾಚೆಯ ಹಳ್ಳಿಗೆ ಕಳಿಸಿತ್ತು. ನಾರಾಯಣಖೇಡದಿಂದ ಆಟೋದಲ್ಲಿ ಹನ್ನೊಂದು ಜನರ ನಡುವೆ ಕಾಪಾಡಿಕೊಂಡು ತಂದ ಚಿತ್ರಪಟವನ್ನು ಅವಳು ಸಮಾಜಮಂದಿರದ ಗೋಡೆಗೆ ತೂಗುಹಾಕಿದಳು. ದಟ್ಟ ಹಸಿರು, ಜಲಪಾತ, ಎರಡು ಆನೆ.

ನಲವತ್ತು ವರ್ಷದಿಂದ ಗುಡ್ಡದಲ್ಲಿ ಬೀಡಿ ಎಲೆ ಕೊಯ್ಯುತ್ತಿದ್ದ ತುಳಜಾಬಾಯಿ ಎದ್ದುಬಂದು ಪಟಕ್ಕೆ ಮೂಗು ತಾಗಿಸಿ ನೋಡಿದಳು.

"ಮೇಡಂ, ಈ ಆನಿ ನಮ್ಮ ಗುಡ್ಡದಾಗ ಎಲ್ಲಿ ಅಡಗ್ಯಾವ್ರಿ? ನನಗ ಒಂದೂ ಸಿಕ್ಕಿಲ್ಲ."

ಹೆಂಗಸರೆಲ್ಲ ನಕ್ಕರು. ಧಮ್ಮಶೀಲಾ ಪಟ ಸುತ್ತಿಟ್ಟಳು. "ಹಂಗಾದ್ರ ಏನೇನ್ ಅದಾವ, ನೀವೇ ಹೇಳ್ರಿ ಆಯಿ."

ಮುತ್ತಲ, ಇಪ್ಪೆ, ಸೀತಾಫಲ ಎಂದು ತುಳಜಾಬಾಯಿ ಮರಗಳನ್ನು ಹೆಸರಿಸಿ ಬೆರಳು ಮಡಚುತ್ತ ಹೋದಳು. ಚಾರೋಳಿಗೆ ಬಂದಾಗ ದನಿ ತಗ್ಗಿತು. "ಮುದಿ ಗಿಡ ನಾಕ್ ಉಳಿದಾವ. ಸಸಿ ಏಳವಲ್ವು."

"ಯಾಕ ಏಳವಲ್ವು?"

ಹೆಂಗಸರೆಲ್ಲ ತುಳಜಾಬಾಯಿಯ ಕಡೆ ತಿರುಗಿದರು. ಎಳೆ ಎಲೆ ಬರಲೆಂದು ವರ್ಷವರ್ಷ ಗುಡ್ಡಕ್ಕೆ ಕಡ್ಡಿ ಗೀರುವವಳು ಅವಳೇ; ಆ ಬೆಂಕಿಗೆ ಸಸಿಗಳೂ ಸುಡುತ್ತಿದ್ದವು.

"ಬೆಂಕಿ ಹಚ್ಚದಿದ್ರ ಎಲಿ ಬರಂಗಿಲ್ಲವ್ವ," ಎಂದಳು ತುಳಜಾಬಾಯಿ.

"ಕಂಟಿ ಕಡದ್ರೂ ಬರ್ತಾವ. ಈ ಸಲ ಅರ್ಧ ಗುಡ್ಡ ಹಾಂಗ ಮಾಡೋಣ. ಬರಲಿಲ್ಲಂದ್ರ ಬ್ಯಾಸಗಿ ಪೂರಾ ನಿಮ್ಮ ಎಲಿ ಗಂಟು ನಾ ಹೊರ್ತೀನಿ."

ಗೆದ್ದೇಬಿಟ್ಟೆ ಎಂಬ ಖುಷಿಯಲ್ಲಿ ತುಳಜಾಬಾಯಿ ಒಪ್ಪಿದಳು. ಬೀಡಿ ಎಲೆಯ ಪೊದೆಗಳನ್ನು ಕಡಿಯುತ್ತ ಧಮ್ಮಶೀಲಾಳ ಅಂಗೈಯಲ್ಲಿ ಗುಳ್ಳೆ ಎದ್ದಾಗ ಎಣ್ಣೆ ಹಚ್ಚಿದವಳೂ ಅವಳೇ. "ಕುಡುಗೋಲು ಹಿಡಿಯಾಕ ಬರಂಗಿಲ್ಲ, ಅಡವಿ ಉಳಸ್ತಾಳಂತ!"

ಮೇ ತಿಂಗಳಲ್ಲಿ ಕಡಿದ ಕಂಟಿಗಳ ತುಂಬ ಅಂಗೈಯಗಲದ ಎಲೆ. ತುಳಜಾಬಾಯಿ ಕೊಯ್ದಳು, ಆದರೆ ಸೋತೆ ಎನ್ನಲಿಲ್ಲ. ಮಳೆ ಬಿದ್ದ ಮೇಲೆ ಬೆಂಕಿ ಹಚ್ಚದ ಆ ಬದಿಯಲ್ಲಿ ಬೆರಳುದ್ದದ ಮೂರು ಚಾರೋಳಿ ಸಸಿ ಕಂಡವು. ದನ ತುಳಿಯದಂತೆ ಸುತ್ತ ಕಲ್ಲಿಟ್ಟು, ಯಾರಿಗೂ ಹೇಳದೆ ಮನೆಗೆ ಬಂದಳು. ಎರಡು ದಿನ ತಡೆದು ಧಮ್ಮಶೀಲಾಳಿಗೆ ಫೋನ್ ಮಾಡಿದಳು. "ಶೀಲಾ, ನಾಳೆ ಬಾ. ಏನೂ ಇಲ್ಲ, ಸುಮ್ಮನ ಬಾ."

ಮರುವರ್ಷ ಪಕ್ಕದೂರಿನ ಸಭೆಯಲ್ಲಿ ತುಳಜಾಬಾಯಿಯೇ ಮಾತಾಡಲು ನಿಂತಳು. ಹಿಂದಿನಿಂದ ಪಾಂಡಪ್ಪ ಎಂಬ ಎಲೆ ಕೊಯ್ಯುವವ ಕೂಗಿದ: "ಬೆಂಕಿ ಹಚ್ಚದಿದ್ರ ಎಲಿ ಬರಂಗಿಲ್ರಿ!"

"ಯಾವ ಮೂರ್ಖ ಹೇಳ್ಯಾನ?"

"ನೀವೇ ಕಲಿಸೀರಿ ಅಕ್ಕಾ, ನಾ ಸಣ್ಣಾವ ಇದ್ದಾಗ."

ಸಭೆ ಬಿದ್ದುಬಿದ್ದು ನಕ್ಕಿತು. ತುಳಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಖರೇ ಅದ. ತಪ್ಪು ಕಲಿಸೀನಿ. ಏಳು, ನಿಮ್ಮ ಗುಡ್ಡ ಎಲ್ಲಿ ಅದ ತೋರಸು."

ಪಾಂಡಪ್ಪ ಚಪ್ಪಲಿ ಹುಡುಕತೊಡಗಿದ.